ಬುತ್ತಿಯ ಗಂಟೂ ಬೆಟ್ಟದ ಊರಿನ ಊಟವೂ

ಪ್ರವಾಸದ ಪೂರ್ವಭಾವಿ ಸಭೆಯಲ್ಲಿ ಬಸ್ಸಿನ ಬಾಡಿಗೆ ಹತ್ತು ನಿಮಿಷಗಳಲ್ಲಿ ಇತ್ಯರ್ಥವಾಯಿತು; ಊಟದ ಪ್ರಶ್ನೆ ಎರಡು ಗಂಟೆ ಕಾಲ ನಮ್ಮನ್ನು ಹಿಡಿದು ಕೂರಿಸಿತು. ಕಲ್ಲೂರು, ಮಾನ್ವಿ, ದೇವದುರ್ಗಗಳ ನಲವತ್ತು ಮಂದಿ ಕ್ರೈಸ್ತ ಬಾಂಧವರು ಕಳೆದ ಚಳಿಗಾಲದಲ್ಲಿ ಒಂದು ದಿನದ ಮಟ್ಟಿಗೆ ಮುದಗಲ್ಲಿಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡಿದ್ದೆವು. ಬೆಳಿಗ್ಗೆ ಅಲ್ಲಿನ ದೇವಾಲಯದಲ್ಲಿ ಬಲಿಪೂಜೆ, ಅನಂತರ ಕೋಟೆಯ ದರ್ಶನ, ಸಂಜೆಗೆ ಮರಳಿ ಮನೆ. ನಡುವೆ ಮಧ್ಯಾಹ್ನದ ಊಟ ಎಲ್ಲಿ? ಹೆಂಗಸರು ಹಿಂದಿನ ರಾತ್ರಿಯೇ ರೊಟ್ಟಿ ಬಡಿದು ಬುತ್ತಿ ಕಟ್ಟಬೇಕೆಂಬುದು ಬಹುಮತದ ಅಭಿಪ್ರಾಯ. (ಆ ಬಹುಮತದಲ್ಲಿ ಹೆಂಗಸರ ಸಂಖ್ಯೆ ಕಡಿಮೆಯಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು.) ಅಡುಗೆಯವರನ್ನೇ ಬಸ್ಸಿನಲ್ಲಿ ಕರೆದೊಯ್ದು ಕೋಟೆಯ ಬುಡದಲ್ಲಿ ಒಲೆ ಹೂಡುವುದು ಎರಡನೆಯ ಸಲಹೆ. ಆ ಊರಿನ ಖಾನಾವಳಿಯಲ್ಲಿಯೇ ಉಣ್ಣೋಣ ಎಂದವರು ನಾವು ಮತ್ತು ಇಬ್ಬರು ಕಾಲೇಜು ಹುಡುಗರು ಮಾತ್ರ.

ಸಭೆಯ ಮೂಲೆಯಲ್ಲಿ ಎಂಬತ್ತರ ಸಮೀಪದ ಹಿರಿಯರೊಬ್ಬರು ಕುಳಿತಿದ್ದರು. ಓಣಿಗೆಲ್ಲ ಅವರು ತಾತ. ಅವರು ಆಡಿದ್ದು ಒಂದೇ ಮಾತು: "ನಮ್ಮಪ್ಪ ನನಗ ಕಲಿಸಿದ್ದು ಇಷ್ಟ. ಪರ ಊರಿಗೆ ಹೊಂಟ್ರ ಬುತ್ತಿ ಕಟಗೊಂಡು ಹೋಗು, ನೀರು ಸುದ್ದಾ ಒಯ್ಯಿ." ನಾವು ಅದನ್ನು ಮಿತವ್ಯಯದ ಪಾಠವೆಂದು ತಿಳಿದೆವು. ತಪ್ಪು ತಿಳಿದಿದ್ದೆವು, ಆ ಸಂಗತಿ ಮುಂದೆ ಬರುತ್ತದೆ.

ಕಡೆಗೆ ರಾಜಿಯಾಯಿತು. ಬೆಳಗಿನ ಉಪಾಹಾರಕ್ಕೆ ಬುತ್ತಿ, ಮಧ್ಯಾಹ್ನಕ್ಕೆ ಖಾನಾವಳಿ. ಯಾರ ಹೊಟ್ಟೆಯಾದರೂ ಕೆಟ್ಟರೆ ಔಷಧದ ಖರ್ಚು ಸಲಹೆ ಕೊಟ್ಟ ನಮ್ಮದು.

ನಾವು ಅಷ್ಟೊಂದು ಹಟ ಹಿಡಿದದ್ದೇಕೆಂದು ಕೇಳಿದವರಿದ್ದಾರೆ. ಅದಕ್ಕೆ ಕಾರಣ ದೂರದ ಇನ್ನೊಂದು ಬೆಟ್ಟದ ಊರು. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯದ ಯಾತ್ರಾರ್ಥಿಗಳ ತಂಡವೊಂದರೊಡನೆ ಇಟಲಿಯ ಅಸ್ಸೀಸಿಗೆ ಹೋಗುವ ಭಾಗ್ಯ ನಮಗೆ ಒದಗಿತ್ತು. ಸುಬಾಸಿಯೋ ಎಂಬ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಂತೆ ಕಟ್ಟಿದ ಊರದು. ಅದೇ ಬೆಟ್ಟದಿಂದ ತೆಗೆದ ಬಿಳಿ ಹಾಗೂ ನಸುಗೆಂಪು ಕಲ್ಲಿನ ಮನೆಗಳು. ಬಸ್ಸುಗಳು ಗೋಡೆಯ ಹೊರಗೆ ನಿಲ್ಲಬೇಕು, ಯಾತ್ರಿಕರು ಏರು ಬೀದಿಗಳಲ್ಲಿ ನಡೆಯಬೇಕು. ಒಂದು ತುದಿಗೆ ಸಂತ ಫ್ರಾನ್ಸಿಸರ ಸಮಾಧಿಯಿರುವ, ಒಂದರ ಮೇಲೊಂದು ಕಟ್ಟಿದ ಎರಡು ಅಂತಸ್ತಿನ ಮಹಾದೇವಾಲಯ. ನಡುವಿನ ಚೌಕದಲ್ಲಿ ರೋಮನರ ಮಿನರ್ವಾ ದೇವಿಯ ಗುಡಿ, ಈಗ ಮರಿಯಮ್ಮನವರ ಹೆಸರಿನ ದೇವಾಲಯ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಮೇಲಿನ ದೇವಾಲಯದ ಕಮಾನು ಕುಸಿದು ನಾಲ್ವರು ಮಡಿದುದನ್ನು ಹಿರಿಯ ವಾಚಕರು ಮರೆತಿರಲಾರರು.

ಇಷ್ಟನ್ನು ನೋಡಿ ಮುಗಿಸುವ ವೇಳೆಗೆ ಮಧ್ಯಾಹ್ನ ಒಂದೂವರೆ. ಅಲ್ಲಿನ ಊಟದ ಮನೆಗಳು ಎರಡೂವರೆಯ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ರಾತ್ರಿ ಏಳರ ಮೇಲೆ. ಆದುದರಿಂದ ಅವಸರದಲ್ಲಿ ಒಂದು ಸಣ್ಣ ಊಟದ ಮನೆಯೊಳಕ್ಕೆ ಹೊಕ್ಕೆವು. ಕುಳಿತೊಡನೆ ನಮ್ಮ ತಂಡದ ಅರ್ಧದಷ್ಟು ಜನ ಕೈಚೀಲಗಳಿಂದ ಚಟ್ನಿಪುಡಿ, ಉಪ್ಪಿನಕಾಯಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಖಡಕ್ ರೊಟ್ಟಿಗಳನ್ನು ಹೊರತೆಗೆದರು. ಮಾಲೀಕ ಗದರಲಿಲ್ಲ. ಆದರೆ ಬಿಲ್ಲು ಬಂದಾಗ ತಲೆಗೆ ಎರಡು ಯೂರೋ "ಕೊಪೆರ್ತೊ" ಎಂದು ಬರೆದಿತ್ತು. ಅಂದರೆ ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿಯ ಆಸುಪಾಸು. "ನಾವು ಅವರ ಬ್ರೆಡ್ಡನ್ನು ಮುಟ್ಟಲೇ ಇಲ್ಲವಲ್ಲ!" ಎಂದು ನಮ್ಮವರು ಜಗಳಕ್ಕೆ ನಿಂತರು. ಮಾರ್ಗದರ್ಶಿ ಸಮಾಧಾನಪಡಿಸಿದ: ಅದು ಕೂರುವುದಕ್ಕೆ, ಮೇಜಿನ ಬಟ್ಟೆಗೆ, ಎದುರಿಗಿಟ್ಟ ಬ್ರೆಡ್ಡಿಗೆ ತೆರುವ ಹಣ, ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದನ್ನು ತೆತ್ತವನ ಊರು ಯಾವುದು, ಕುಲ ಯಾವುದು ಎಂದು ಯಾರೂ ಕೇಳುವುದಿಲ್ಲ. ಈ ಕೊನೆಯ ಮಾತು ಅವನದಲ್ಲ, ನಮ್ಮದು. ಆಗ ಹೊಳೆಯಲಿಲ್ಲ, ಮುದಗಲ್ಲಿನಲ್ಲಿ ಹೊಳೆಯಿತು.

ಅಂದು ನಾವು ಮತ್ತು ಇನ್ನಿಬ್ಬರು ಗಂಟು ಬಿಚ್ಚದೆ ಅಲ್ಲಿನದನ್ನೇ ತಂದುಕೊಡಿರೆಂದು ಕೇಳಿದೆವು. ಬಂದುದನ್ನು ನೋಡಿ ಬೆರಗಾಯಿತು. ಗೋಧಿ ಹಿಟ್ಟಿನ, ಬೆರಳಗಲ ದಪ್ಪದ ದುಂಡು ರೊಟ್ಟಿ! ಅದರ ಹೆಸರಿನಲ್ಲಿಯೇ ಹಂಚು ಇದೆ: ಹಿಂದೆ ಅದನ್ನು ಒಲೆಯ ಮೇಲೆ ಕಾಯಿಸಿದ "ತೆಸ್ತೊ" ಎಂಬ ಕಲ್ಲಿನ ಅಥವಾ ಮಣ್ಣಿನ ಬಿಲ್ಲೆಯ ಮೇಲೆ ಬೇಯಿಸುತ್ತಿದ್ದರಂತೆ, ಈಗ ಕಬ್ಬಿಣದ್ದು. ತ್ರಿಕೋನವಾಗಿ ಕತ್ತರಿಸಿ ನಡುವೆ ಬಾಡಿಸಿದ ಸೊಪ್ಪು ತುಂಬಿದ್ದರು. ಜೊತೆಗೆ ಆ ಬೆಟ್ಟಸೀಮೆಯ ಸಣ್ಣ ಕಾಳಿನ ಚನ್ನಂಗಿ ಬೇಳೆ, ಮೇಲೆ ಆಲಿವ್ ಎಣ್ಣೆ. ಮೇಜಿನ ಮೇಲಿದ್ದ ಬ್ರೆಡ್ಡಿಗೆ ಮಾತ್ರ ಉಪ್ಪೇ ಇರಲಿಲ್ಲ. 1540ರಲ್ಲಿ ಜಗದ್ಗುರು ಮೂರನೆಯ ಪೌಲರು ಉಪ್ಪಿನ ಮೇಲೆ ಕರ ಏರಿಸಿದಾಗ ನೆರೆಯ ಪೆರೂಜಿಯಾ ನಗರ ದಂಗೆಯೆದ್ದು ಸೋತಿತು. ಅಂದಿನಿಂದ ಈ ಸೀಮೆಯವರು ಬ್ರೆಡ್ಡಿಗೆ ಉಪ್ಪು ಹಾಕುವುದನ್ನು ಬಿಟ್ಟರೆಂದು ಅಲ್ಲಿನ ಜನ ಹೇಳುತ್ತಾರೆ. ದಂಗೆ ನಿಜ, ಬ್ರೆಡ್ಡಿನ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ಒಪ್ಪುವುದಿಲ್ಲ. ದಂಡಿಯಾತ್ರೆಯ ನಾಡಿನವರಾದ ನಮಗೆ ಕಥೆ ಹಿಡಿಸಿತು.

ನಮ್ಮನ್ನು ಯೋಚನೆಗೆ ಹಚ್ಚಿದ ಸಂಗತಿ ಇಷ್ಟೇ. ಹಂಚಿನ ರೊಟ್ಟಿ, ಬೇಳೆ, ಸೊಪ್ಪು ಅಲ್ಲಿನ ಬಡವರ ಊಟ. ಜಗತ್ತಿನ ಮೂಲೆಮೂಲೆಯಿಂದ ಬರುವ ಯಾತ್ರಿಕನ ಮುಂದೆ ಅವರು ಅದನ್ನು ನಾಚಿಕೆಯಿಲ್ಲದೆ, ಹೆಮ್ಮೆಯಿಂದಲೇ ಇಡುತ್ತಾರೆ. ಹಾಗೆಂದು ಅಸ್ಸೀಸಿಯನ್ನು ಪೂರ್ತಿ ಹೊಗಳಲು ನಾವು ಸಿದ್ಧರಿಲ್ಲ. ಹಳೆಯ ಗೋಡೆಯೊಳಗೆ ಅಂಗಡಿ, ವಸತಿಗೃಹ, ಊಟದ ಮನೆಗಳೇ ತುಂಬಿ, ಮೂಲ ನಿವಾಸಿಗಳು ಒಬ್ಬೊಬ್ಬರಾಗಿ ಕೆಳಗಿನ ಬಯಲಿಗೆ ಇಳಿದುಹೋಗಿದ್ದಾರೆ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ತರುಣ ಕಾರ್ಲೊ ಅಕುಟಿಸರ ಸಮಾಧಿಯೂ ಅಲ್ಲಿಯೇ ಇದೆ. 2026 ಸಂತ ಫ್ರಾನ್ಸಿಸರು ತೀರಿಕೊಂಡ ಎಂಟುನೂರನೆಯ ವರ್ಷ. ಜನಜಂಗುಳಿ ಇನ್ನೂ ಹೆಚ್ಚುವುದೇ ಸರಿ. ಮನೆಮನೆಯ ಬಾಗಿಲಿನಲ್ಲಿ ಎಂಜಲನ್ನು ಬೇಡಿ ತಿಂದ ಸಂತರ ಊರಿನಲ್ಲಿ, ಅವರ ಹೆಸರಿನ ಬೀದಿಯಲ್ಲಿಯೇ ಒಂದು ಲೋಟ ನೀರಿಗೂ ಬೆಲೆ. ಶಿಷ್ಯರು ಊರೂರಿಗೆ ಹೊರಟಾಗ ತಮ್ಮ ಮುಂದೆ ಇಟ್ಟದ್ದನ್ನು ಉಣ್ಣಲೆಂದು ಪ್ರಭು ಯೇಸು ಹೇಳಿದುದನ್ನು ಫ್ರಾನ್ಸಿಸರು ತಮ್ಮ ಸಹೋದರರ ನಿಯಮದಲ್ಲಿಯೂ ಸೇರಿಸಿದರು. ಖಡಕ್ ರೊಟ್ಟಿಯ ಗಂಟಿನೊಡನೆ ಅಲ್ಲಿಗೆ ಹೋದ ನಮ್ಮ ತಂಡದವರಿಗೆ ಈ ನಿಯಮವನ್ನು ನೆನಪಿಸುವ ಧೈರ್ಯ ಅಂದು ನಮಗಿರಲಿಲ್ಲ.

ಈಗ ಮುದಗಲ್ಲಿಗೆ ಬರೋಣ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಕಲ್ಲೂರಿನ ಬಳಿ ಬಸ್ಸು ಹತ್ತಿದರೆ, ಸಿರವಾರ, ಕವಿತಾಳ, ಲಿಂಗಸುಗೂರುಗಳನ್ನು ದಾಟಿ ಮುದಗಲ್ಲು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಬಳಿಕ ಬಿಜಾಪುರದ ಆದಿಲ್‌ಶಾಹಿಗಳೂ ಕಾದಾಡಿದ ಕಾಲವೆಲ್ಲ ರಾಯಚೂರಿನ ಕೋಟೆಯಂತೆ ಮುದಗಲ್ಲಿನ ಕೋಟೆಯೂ ಕೈಯಿಂದ ಕೈಗೆ ದಾಟುತ್ತಲೇ ಇತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ರಕ್ಕಸತಂಗಡಿಯ ಯುದ್ಧದ ನಂತರ ಈ ಸೀಮೆಯೆಲ್ಲ ಬಿಜಾಪುರಕ್ಕೆ ಸೇರಿತು. ಗುಡ್ಡದ ಮೇಲೊಂದು ಸುತ್ತು, ಬಯಲಿನಲ್ಲಿ ಕಂದಕದೊಡನೆ ಇನ್ನೊಂದು ಸುತ್ತು. ಬಂಡೆಗಳನ್ನು ಹಾಗೆಯೇ ಗೋಡೆಯೊಳಗೆ ಸೇರಿಸಿಕೊಂಡ ಕಟ್ಟಡ. ನಾಡಿಗೆಲ್ಲ ಈ ಊರು ಮೊಹರಮ್ಮಿನಿಂದ ಪರಿಚಿತ. ಮುಸಲ್ಮಾನರಷ್ಟೇ ಹಿಂದೂಗಳೂ ಅಲಾಯಿ ದೇವರಿಗೆ ನಡೆದುಕೊಳ್ಳುವ ಆ ಹಬ್ಬಕ್ಕೆ ದೂರದೂರದಿಂದ ಜನ ಬರುತ್ತಾರೆ. ನಮಗೆ ಇನ್ನೊಂದು ನಂಟುಂಟು. ಆದಿಲ್‌ಶಾಹಿ ಅರಸರ ಕಾಲದಿಂದಲೂ ಅಲ್ಲಿ ಕಥೋಲಿಕ ಕುಟುಂಬಗಳಿವೆ. ದಖ್ಖನದ ಅತಿ ಹಳೆಯ ಕ್ರೈಸ್ತ ನೆಲೆಗಳಲ್ಲಿ ಅದೊಂದು. ಆದರೂ ಗೋವೆಗೆ, ವೇಲಂಕಣ್ಣಿಗೆ ಹೋಗಿಬಂದ ನಮ್ಮ ಜಿಲ್ಲೆಯ ಎಷ್ಟೋ ಮಂದಿ ಮುದಗಲ್ಲನ್ನು ನೋಡಿಲ್ಲ.

ಗುಡ್ಡ ಹತ್ತಿ ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಖಾನಾವಳಿ ಎಂದರೆ ಮನೆಯ ಮುಂದಿನ ಎರಡು ಅಂಕಣ. ಒಮ್ಮೆಗೆ ಹದಿನಾಲ್ಕು ಮಂದಿ ಕೂರಬಹುದು. ಉಳಿದವರು ಹೊರಗೆ ಜಗುಲಿಯ ಮೇಲೆ ಕಾದರು, ನಮ್ಮನ್ನು ಶಪಿಸುತ್ತಲೂ ಇದ್ದರು. ಒಳಗೆ ಇಬ್ಬರು ಹೆಣ್ಣುಮಕ್ಕಳು ಕೊಣಮಿಗೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ನಿಲ್ಲಲೇ ಇಲ್ಲ. ಬಿಸಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಕೊನೆಗೊಂದಿಷ್ಟು ಅನ್ನ ಸಾರು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿದ್ದರು. ಅದರ ಹುಳಿಯ ಮೇಲೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಬಿದ್ದಾಗಿನ ರುಚಿಯನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಹೊಟ್ಟೆ ಕೆಟ್ಟೀತೆಂದು ಸಭೆಯಲ್ಲಿ ಭಾಷಣ ಮಾಡಿದವರೇ ಐದನೆಯ ರೊಟ್ಟಿಗೆ ಕೈಯೊಡ್ಡಿದರು.

ತಾತ ಮೊದಲ ಪಂಕ್ತಿಯಲ್ಲಿ ಕೂರಲಿಲ್ಲ, ಎರಡನೆಯದರಲ್ಲಿಯೂ ಕೂರಲಿಲ್ಲ. ಕೊನೆಗೆ ಹುಡುಗರು ಕೈಹಿಡಿದು ಕರೆತಂದು ಬಾಗಿಲ ಬಳಿ ಕೂರಿಸಿದರು. ತಲೆಯೆತ್ತದೆ ಎರಡು ರೊಟ್ಟಿ ಉಂಡರು. ಉಂಡಾದ ಮೇಲೆ ತಾಟನ್ನೂ ಲೋಟವನ್ನೂ ಎತ್ತಿಕೊಂಡು, ಹೊರಗೆ ಬಚ್ಚಲಕಲ್ಲು ಎಲ್ಲಿದೆಯೆಂದು ಹುಡುಕುತ್ತ ಹೊರಟರು. ಬಡಿಸುತ್ತಿದ್ದ ಹೆಣ್ಣುಮಗಳು ಕಂಡು, "ಅದ್ಯಾಕ ತಾತ, ಇಡ್ರಿ ಅಲ್ಲಿ. ತೊಳೆಯಾಕ ನಾವಿಲ್ಲೇನು?" ಎಂದಳು. ಅವರು ಇಡಲಿಲ್ಲ. ಅವಳೇ ಬಂದು ಕೈಯಿಂದ ತಾಟನ್ನು ತೆಗೆದುಕೊಂಡಳು. ತಾತ ಅಲ್ಲಿಯೇ ಸ್ವಲ್ಪ ಹೊತ್ತು ಬರಿಗೈಯಲ್ಲಿ ನಿಂತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕುಳಿತ ನಮಗೆ ಅವರು ಹೇಳಿದುದು ಹೊಸ ಸಂಗತಿಯೇನಲ್ಲ. ಈ ಜಿಲ್ಲೆಯ ಯಾವ ಕೇರಿಯಲ್ಲಿ ಕೇಳಿದರೂ ಸಿಕ್ಕುವಂಥದು. ಅವರ ಹುಡುಗತನದಲ್ಲಿ ಚಹದಂಗಡಿಯ ಸೂರಿಗೆ ಸಿಕ್ಕಿಸಿದ ಬೇರೆ ಲೋಟಗಳಿರುತ್ತಿದ್ದವು. ತಾವೇ ಇಳಿಸಿಕೊಳ್ಳಬೇಕು, ಮೇಲಿನಿಂದ ಹೊಯ್ದ ಚಹವನ್ನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕುಡಿಯಬೇಕು, ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ದುಡ್ಡು ಮಾತ್ರ ಎಲ್ಲರಷ್ಟೇ. ಊಟವೆಂದರೆ ಆ ಮಾತೇ ಇಲ್ಲ. ಅವರ ತಂದೆ ದೀಕ್ಷಾಸ್ನಾನ ಪಡೆದು ಎಷ್ಟೋ ವರ್ಷಗಳಾಗಿದ್ದವು; ಕೊರಳಲ್ಲಿ ಶಿಲುಬೆಯಿತ್ತು; ಲೋಟ ಬದಲಾಗಲಿಲ್ಲ. ಬುತ್ತಿಯ ಪಾಠ ಹುಟ್ಟಿದ್ದು ಅಲ್ಲಿ. ಹಸಿವಿಗಲ್ಲ, ದುಡ್ಡಿನ ಉಳಿತಾಯಕ್ಕೂ ಅಲ್ಲ. ಮಗ ಪರ ಊರಿನಲ್ಲಿ ಅಂಗಳದಲ್ಲಿ ಕೂರದಿರಲೆಂದು ತಂದೆ ರೊಟ್ಟಿ ಕಟ್ಟಿಕೊಡುತ್ತಿದ್ದ. ಅಸ್ಸೀಸಿಯಲ್ಲಿ ಕೂರುವುದಕ್ಕೆ ದುಡ್ಡು ಕೇಳಿದರೆಂದು ನಾವು ಜಗಳವಾಡಿದ್ದೆವು. ಇಲ್ಲಿ ದುಡ್ಡು ಕೊಟ್ಟರೂ ಕೂರುವ ಜಾಗವಿರಲಿಲ್ಲ.

ಕಾನೂನು ಇತ್ತಲ್ಲ ಎನ್ನುವವರುಂಟು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಮನೆಗಳಿಗೆ ಯಾರ ಪ್ರವೇಶವನ್ನೂ ಜಾತಿ ಮತಗಳ ಕಾರಣದಿಂದ ತಡೆಯಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರಲ್ಲಿ ಶಿಕ್ಷೆಯ ಕಾಯಿದೆಯೂ ಬಂತು. ಅದೇ 1950ರ ರಾಷ್ಟ್ರಪತಿಗಳ ಆಜ್ಞೆ ಮಾತ್ರ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಹೊರಗಿರಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡ ಮೇಲೂ ನಾವು ಹೊರಗೆಯೇ ಉಳಿದಿದ್ದೇವೆ. ಕಾಗದದ ಮೇಲೆ ತಾತನ ತಂದೆ ಪರಿಶಿಷ್ಟರಾಗಿರಲಿಲ್ಲ. ಸೂರಿನ ಲೋಟಕ್ಕೆ ಆ ಆಜ್ಞೆಯ ಸುದ್ದಿ ತಲುಪಿರಲಿಲ್ಲ.

ಹೊರಗಿನವರನ್ನು ದೂರಿ ಮುಗಿಸುವುದು ಸುಲಭ. ನಮ್ಮ ಧರ್ಮಕೇಂದ್ರಗಳ ಹಬ್ಬದ ಊಟದಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಅಡುಗೆಗೆ ಯಾವ ಓಣಿಯವರನ್ನು ಕರೆಯುತ್ತೇವೆ, ಯಾವ ಓಣಿಯವರಿಗೆ ಪಾತ್ರೆ ತೊಳೆಯುವ ಕೆಲಸ ಹಚ್ಚುತ್ತೇವೆ ಎಂಬುದನ್ನು ವಾಚಕರು ತಾವೇ ನೆನಪಿಸಿಕೊಳ್ಳಲಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ತನ್ನ ಕಡೆಯವರು ಬಂದೊಡನೆ ಅಂಜಿ ಹಿಂದೆ ಸರಿದ. ಪೌಲನು ಅವನನ್ನು ಎಲ್ಲರೆದುರಿಗೇ ಆಕ್ಷೇಪಿಸಿದ. ಪ್ರೇಷಿತರಲ್ಲಿ ಮೊದಲಿಗನಾದವನೇ ಊಟದ ಪಂಕ್ತಿಯಲ್ಲಿ ಎಡವಿದನೆಂದಮೇಲೆ ನಮ್ಮ ಪಾಡೇನು! ಮುದಗಲ್ಲಿನ ಪ್ರವಾಸದ ಸಭೆಯಲ್ಲಿಯೂ "ಅಲ್ಲಿ ಅಡುಗೆ ಮಾಡುವವರು ಯಾರೋ ಏನೋ" ಎಂಬ ಪಿಸುಮಾತೊಂದು ಕೇಳಿತ್ತು. ಅದನ್ನು ಆಡಿದವರು ತಾತನ ಕಡೆಯವರಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇದು. ತಾತನ ತಂದೆ ಕಟ್ಟಿದ ಬುತ್ತಿಯನ್ನು ನಾವು ಗೌರವಿಸಬೇಕು. ಆದರೆ ಅದನ್ನು ಮೊಮ್ಮಕ್ಕಳ ಹೆಗಲಿಗೆ ಹೊರಿಸಬಾರದು. ಹಳೆಯ ಊರಿಗೆ ಹೋದವರು ಆ ಊರಿನ ಕೈಯಡುಗೆಯನ್ನು ಅದರ ನೆಲದ ಮೇಲೆ, ಎಲ್ಲರೊಡನೆ, ಒಂದೇ ಬಗೆಯ ತಾಟಿನಲ್ಲಿ ಕುಳಿತು ಉಣ್ಣಬೇಕು. ಎಲ್ಲಿಯಾದರೂ ಬೇರೆ ಲೋಟ ಕಂಡರೆ ಇಡೀ ಬಸ್ಸು ಅಲ್ಲಿಂದ ಎದ್ದು ಬರಬೇಕು. ಬಂದು ದೂರು ಕೊಡಬೇಕು. ಒಬ್ಬಂಟಿಯಾಗಿ ಎದ್ದುಬರುವುದು ತಾತನ ತಂದೆಗೆ ಆಗುತ್ತಿರಲಿಲ್ಲ. ನಲವತ್ತು ಮಂದಿಗೆ ಆಗುತ್ತದೆ.

ಊಟದ ಮನೆಗಳವರಿಗೂ ಒಂದು ಮಾತು. ನಮ್ಮ ಜಿಲ್ಲೆಯ ಹೆದ್ದಾರಿಗಳ ಬದಿಯ ಹೊಸ ಹೋಟೆಲುಗಳ ಫಲಕಗಳಲ್ಲಿ ಉತ್ತರ ಭಾರತದ ಊಟ, ಚೀನೀ ಊಟ ಎಂದು ದೊಡ್ಡ ಅಕ್ಷರಗಳಿರುತ್ತವೆ. ಒಳಗೆ ಗೋಬಿ ಮಂಚೂರಿ, ಕೆಂಪು ಬಣ್ಣ ಬಳಿದ ಕೋಳಿ. ಜೋಳದ ರೊಟ್ಟಿ ಕೇಳಿದರೆ "ಆರ್ಡರ್ ಕೊಡಬೇಕ್ರಿ" ಎನ್ನುತ್ತಾರೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ ಮಾನ್ವಿ, ಸಿಂಧನೂರುಗಳ ಹೊಲ ಗದ್ದೆಯಾಯಿತು. ಅನ್ನ ಉಂಡವನು ಸ್ಥಿತಿವಂತ, ರೊಟ್ಟಿ ತಿಂದವನು ಬಡವ ಎಂಬ ಎಣಿಕೆಯೂ ಕಾಲುವೆಯ ನೀರಿನೊಡನೆ ಹರಿದುಬಂತೆಂದು ತೋರುತ್ತದೆ. ಈಗ ನೋಡಿದರೆ 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬೆಂಗಳೂರಿನವರು ಜೋಳವನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ. ಅಸ್ಸೀಸಿಯವರು ತಮ್ಮ ಹಂಚಿನ ರೊಟ್ಟಿಗೆ ಮಾಡಿದಷ್ಟು ಮರ್ಯಾದೆಯನ್ನು ರಾಯಚೂರು, ಮುದಗಲ್ಲು, ಮಸ್ಕಿಗಳ ಹೋಟೆಲುಗಳು ಜೋಳದ ರೊಟ್ಟಿಗೆ ಮಾಡಿದರೆ, ಕೊಣಮಿಗೆಯ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಹೆಚ್ಚು ದಕ್ಕೀತು. ಅಲ್ಲಿನಂತೆ ಊರಿನವರೇ ಊರು ಬಿಡುವಷ್ಟು ಜನ ನುಗ್ಗುವ ಭಯ ಸದ್ಯಕ್ಕೆ ನಮಗಿಲ್ಲ. ಇನ್ನೊಂದು ಸಂಗತಿಯನ್ನು ಹೆಂಗಸರ ಪರವಾಗಿ ಬರೆಯುತ್ತಿದ್ದೇವೆ: ಊಟದ ಮನೆಗೆ ಬಾಗಿಲಿರುವ, ನೀರಿರುವ ಒಂದು ಶೌಚಾಲಯ ಬೇಕು. ಅದಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಕೋಟೆ ಹತ್ತಿದ ಸಹೋದರಿಯರು ನಮ್ಮ ಬಸ್ಸಿನಲ್ಲಿದ್ದರು.

ಈ ಬರಹ ಓದಿ ಮುದಗಲ್ಲಿಗೆ ಹೊರಡುವವರಿದ್ದರೆ ಒಂದು ಸೂಚನೆ. ನಲವತ್ತು ಜನ ಹೇಳದೆ ಕೇಳದೆ ಹೋಗಿ ನಿಂತು ನಾವು ಆ ಮನೆಯವರನ್ನು ದಣಿಸಿದೆವು; ನಡುವೆ ಒಮ್ಮೆ ಹಿಟ್ಟು ತೀರಿ, ಹುಡುಗನೊಬ್ಬ ಗಿರಣಿಗೆ ಓಡಬೇಕಾಯಿತು. ಹಿಂದಿನ ದಿನವೇ ತಿಳಿಸಿರಿ. ಜೋಳದ ಹಿಟ್ಟು ಹೊಸದಾಗಿ ಬೀಸಿದ್ದಾದರೆ ರೊಟ್ಟಿ ಬಿರಿಯುವುದಿಲ್ಲವೆಂದು ಆ ಹೆಣ್ಣುಮಗಳು ಹೇಳಿಕಳುಹಿಸಿದ್ದಾಳೆ. ನಾವು ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗುವವರಿದ್ದೇವೆ. ತಾತ ಹೆಸರು ಕೊಟ್ಟಿದ್ದಾರೆ. ನೀರಿನ ಬಾಟಲಿಯನ್ನು ಮಾತ್ರ ಜೊತೆಗೇ ಒಯ್ಯುತ್ತಾರಂತೆ.